ಲಿಂಬೆಯ ಶರಬತ್ತು ಹಿಮವಾಗುವ ಬಗೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಬೇಸಗೆಯನ್ನು ಅನುಭವಿಸಿದವರೇ ಬಲ್ಲರು. ನರಗುಂದದ ಎರೆನೆಲ ಬಾಯ್ದೆರೆದು ಬಿರಿದಿರುತ್ತದೆ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕೂಡ ನಡುಹಗಲಿನಲ್ಲಿ ತೂಕಡಿಸುತ್ತಿರುವಂತೆ ತೋರುತ್ತವೆ. ಉಷ್ಣತಾಮಾಪಕ 40 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ನಿಂತಿದ್ದ ಅಂಥದೊಂದು ಮಧ್ಯಾಹ್ನ ನಾನು ರೋಣದಲ್ಲಿ ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಎಂಟು ವರ್ಷದ ಅಳಿಯ ಕೆಂಪು ಐಸ್ ಕ್ಯಾಂಡಿಯನ್ನು ಚೀಪುತ್ತ ಬಂದು, ಕಡ್ಡಿಯನ್ನು ನನ್ನ ಮುಖದ ಮುಂದೆ ಹಿಡಿದು ಕೇಳಿದ: “ಮಾಮಾ, ಬಣ್ಣಾ ಸಕ್ಕರಿ ಎಲ್ಲಾ ನನ್ನ ಬಾಯಾಗ ಬಂತು, ಬರೇ ಬಿಳೇ ಬರ್ಫ ಉಳೀತು. ಯಾಕ?”

ಈ ಪ್ರಶ್ನೆಯನ್ನು ಬಿ.ಎಸ್‌ಸಿ. ತರಗತಿಯಲ್ಲಿ ಕೇಳಿದರೆ ಉತ್ತರಿಸುವವರು ವಿರಳ. ಆದರೆ ಮನೆಯಲ್ಲಿ ಹಿಮದಂತೆ ನುಣುಪಾದ, ಚಮಚದಿಂದ ತಿನ್ನಲೂ ಬಟ್ಟಲಿನಿಂದ ಕುಡಿಯಲೂ ಬರುವ ಶರಬತ್ತನ್ನು ಸಿದ್ಧಗೊಳಿಸಬೇಕೆಂದಿರುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿಲ್ಲ. ಹಿಂದಿನ ವರ್ಷ ಇದನ್ನು ಮರೆತು ನಾನೇ ಪೆಟ್ಟು ತಿಂದಿದ್ದೆ. ಲಿಂಬೆಯ ಶರಬತ್ತನ್ನು ಇಡೀ ರಾತ್ರಿ ರೆಫ್ರಿಜರೇಟರಿನ ಹಿಮಕೋಶದಲ್ಲಿಟ್ಟು ಬೆಳಿಗ್ಗೆ ತೆಗೆದರೆ ದೊರೆತದ್ದು ಕಲ್ಲು. ಅದನ್ನು ತುಂಡುಮಾಡಿ ಮಿಕ್ಸಿಗೆ ಹಾಕಲು ಹೋದಾಗ ಅಕ್ಕ, “ತಮ್ಮಾ, ಮಿಕ್ಸಿ ಸುಟ್ಟೀತು, ನೋಡಪ್ಪಾ” ಎಂದು ಎಚ್ಚರಿಸಿದಳು. ನಾನು ಕೇಳಲಿಲ್ಲ. ಮಿಕ್ಸಿ ಸುಡಲಿಲ್ಲವಾದರೂ ಅದರ ಅಲಗು ಡೊಂಕಾಯಿತು.

ಮೊದಲು ಅಳಿಯನ ಪ್ರಶ್ನೆಯನ್ನೇ ನೋಡೋಣ. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಷಟ್ಕೋನಾಕೃತಿಯ ಚೌಕಟ್ಟಿನಲ್ಲಿ ಸಾಲಾಗಿ ಜೋಡಣೆಗೊಳ್ಳುತ್ತವೆ. ಆ ಚೌಕಟ್ಟಿನಲ್ಲಿ ಸಕ್ಕರೆಯ ಅಣುವಿಗಾಗಲಿ, ಬಣ್ಣದ ಅಣುವಿಗಾಗಲಿ, ಉಪ್ಪಿಗಾಗಲಿ ಸ್ಥಳವಿಲ್ಲ. ಹರಳು ಬೆಳೆಯುತ್ತ ಹೋದಂತೆ ಅವೆಲ್ಲವನ್ನೂ ಹೊರಕ್ಕೆ ತಳ್ಳುತ್ತದೆ. ಆದುದರಿಂದ ಐಸ್ ಕ್ಯಾಂಡಿಯೆಂಬುದು ಏಕವಸ್ತುವಲ್ಲ. ಶುದ್ಧ ನೀರಿನ ಹರಳುಗಳು ಮತ್ತು ಅವುಗಳ ಸಂದುಗಳಲ್ಲಿ ಸಿಕ್ಕಿಕೊಂಡ ದಟ್ಟವಾದ ಪಾಕ, ಇವೆರಡರ ಕೂಟ. ಚೀಪಿದಾಗ ಪಾಕ ಮೊದಲು ಹೊರಬರುತ್ತದೆ, ಹರಳು ಉಳಿಯುತ್ತದೆ. ಬರ್ಫದ ಕಾರ್ಖಾನೆಯ ದೊಡ್ಡ ಗಡ್ಡೆಯನ್ನು ನೀವು ನೋಡಿರಬಹುದು. ಅದರ ಅಂಚು ಗಾಜಿನಂತೆ ತಿಳಿಯಾಗಿದ್ದು ನಡುಭಾಗ ಮಾತ್ರ ಹಾಲಿನಂತೆ ಮಬ್ಬಾಗಿರುವುದಕ್ಕೂ ಇದೇ ಕಾರಣ. ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತ ಬಂದ ನೀರು ತನ್ನಲ್ಲಿದ್ದ ಗಾಳಿಯನ್ನೂ ಲವಣಗಳನ್ನೂ ನಡುವಿಗೆ ಅಟ್ಟಿರುತ್ತದೆ. ನಮ್ಮ ಸೀಮೆಯ ಸವಳು ನೀರಿನಿಂದ ಬರ್ಫ ಮಾಡಿದರೆ ಈ ಮಬ್ಬು ಇನ್ನೂ ಹೆಚ್ಚು.

ಹರಳು ಶುದ್ಧ ನೀರಿನದಾದರೆ ಉಳಿದ ಪಾಕ ಕ್ಷಣಕ್ಷಣಕ್ಕೂ ದಟ್ಟವಾಗುತ್ತ ಹೋಗಬೇಕಷ್ಟೆ. ದಟ್ಟವಾದಂತೆ ಅದು ಹೆಪ್ಪುಗಟ್ಟುವ ಉಷ್ಣತೆಯೂ ಕೆಳಗಿಳಿಯುತ್ತದೆ. ದ್ರಾವಣದಲ್ಲಿ ಕರಗಿದ ವಸ್ತುವಿನ ಪ್ರಮಾಣಕ್ಕೆ ಅನುಗುಣವಾಗಿ ಹೆಪ್ಪುಬಿಂದು ಕುಸಿಯುತ್ತದೆಂದು ಚಾರ್ಲ್ಸ್ ಬ್ಲಾಗ್ಡನ್ ಎಂಬ ಆಂಗ್ಲ ವಿಜ್ಞಾನಿ 1788ರಲ್ಲಿ ತೋರಿಸಿದನು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕಿಲೋಗ್ರಾಂ ನೀರಿನಲ್ಲಿ 342 ಗ್ರಾಂ ಸಕ್ಕರೆ, ಅಂದರೆ ಒಂದು ಮೋಲ್, ಕರಗಿದರೆ ಹೆಪ್ಪುಬಿಂದು 1.86 ಡಿಗ್ರಿ ಇಳಿಯುತ್ತದೆ.

ಈಗ ನಮ್ಮ ಶರಬತ್ತಿಗೆ ಬರೋಣ. ಲಿಂಬೆರಸವೂ ಸೇರಿ 850 ಗ್ರಾಂ ನೀರು, 150 ಗ್ರಾಂ ಸಕ್ಕರೆ, ಬೇಕಾದರೆ ಒಂದೆರಡು ಏಲಕ್ಕಿ. ಲಿಂಬೆ ನಮಗೆ ದೂರದ ಹಣ್ಣಲ್ಲ. ಅದಕ್ಕೆ ಹೆಸರಾದ ಇಂಡಿ ತಾಲ್ಲೂಕು ವಿಜಯಪುರ ಜಿಲ್ಲೆಯಲ್ಲಿದೆ. ಲೆಕ್ಕ ಹಾಕಿದರೆ ಈ ಶರಬತ್ತು ಸೊನ್ನೆಗಿಂತ ಸುಮಾರು 1 ಡಿಗ್ರಿ ಕೆಳಗೆ ಹೆಪ್ಪುಗಟ್ಟಲು ತೊಡಗುತ್ತದೆ. ನೀರಿನ ಅರ್ಧಪಾಲು ಹರಳಾದಾಗ ಉಳಿದ ಪಾಕದ ಸಾಂದ್ರತೆ ಇಮ್ಮಡಿಸಿ, ಉಷ್ಣತೆ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿರುತ್ತದೆ. ನಮಗೆ ಬೇಕಾದ ಸ್ಥಿತಿ ಇದೇ: ಅರ್ಧ ಹರಳು, ಅರ್ಧ ಪಾಕ. ಮನೆಯ ಹಿಮಕೋಶದ ಉಷ್ಣತೆಯಾದರೋ ಸೊನ್ನೆಗಿಂತ 18 ಡಿಗ್ರಿಯಷ್ಟು ಕೆಳಗೆ. ಅಲ್ಲಿ ಬಹುಪಾಲು ನೀರು ಹರಳಾಗಿ ಪಾಕ ಸಂದುಗೊಂದುಗಳಲ್ಲಿ ಮಾತ್ರ ಉಳಿಯುತ್ತದೆ. ನನಗೆ ದೊರೆತ ಕಲ್ಲಿನ ರಹಸ್ಯ ಇಷ್ಟೇ. ಮಿಕ್ಸಿಯ ತಪ್ಪೇನೂ ಇರಲಿಲ್ಲ.

ಹಾಗಾದರೆ ಶರಬತ್ತಿನೊಡನೆ ಬರ್ಫದ ಚೂರುಗಳನ್ನು ಮಿಕ್ಸಿಯಲ್ಲಿ ಹಾಕಿ ತಿರುಗಿಸಿದರಾಗದೆ ಎಂದು ಕೇಳಬಹುದು. ಆಗುತ್ತದೆ, ಹೆಚ್ಚಿನ ಮನೆಗಳಲ್ಲಿ ಮಾಡುವುದೂ ಹಾಗೆಯೇ, ಮತ್ತು ಕುಡಿದವರು “ನೀರು ನೀರು” ಎಂದು ಮುಖ ಸಿಂಡರಿಸುವುದೂ ಅದಕ್ಕೇ. ಒಂದು ಗ್ರಾಂ ಬರ್ಫ ಕರಗಲು 80 ಕ್ಯಾಲೊರಿ ಗುಪ್ತೋಷ್ಣ ಬೇಕು. 38 ಡಿಗ್ರಿಯ ಒಂದು ಕಿಲೋ ಶರಬತ್ತನ್ನು ಸೊನ್ನೆಗೆ ಇಳಿಸಲು, ಅದರ ವಿಶಿಷ್ಟೋಷ್ಣವನ್ನು 0.9 ಎಂದು ಹಿಡಿದರೆ, 34 ಸಾವಿರ ಕ್ಯಾಲೊರಿಗಳಿಗೂ ಹೆಚ್ಚು ಶಾಖವನ್ನು ಹೊರತೆಗೆಯಬೇಕು. ಅಷ್ಟಕ್ಕೆ ಸುಮಾರು 430 ಗ್ರಾಂ ಬರ್ಫ ಕರಗಿ ಶರಬತ್ತಿನೊಳಗೇ ನೀರಾಗುತ್ತದೆ. ಶರಬತ್ತನ್ನು ಮೊದಲೇ ರೆಫ್ರಿಜರೇಟರಿನಲ್ಲಿಟ್ಟು 5 ಡಿಗ್ರಿಗೆ ತಂದಿದ್ದರೆ? ಆಗ ಕರಗುವುದು ಬರಿಯ 56 ಗ್ರಾಂ.

ವಿದ್ಯುತ್ತು ಇಲ್ಲದ ಮಧ್ಯಾಹ್ನ ಇದಕ್ಕೆ ಮಣ್ಣಿನ ಗಡಿಗೆಯೇ ಸಹಾಯಕ. ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಗ್ರಾಮಿಗೆ ಸುಮಾರು 580 ಕ್ಯಾಲೊರಿ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು 38ರಿಂದ 25 ಡಿಗ್ರಿಗೆ ಇಳಿಯಲು ಲೆಕ್ಕದ ಪ್ರಕಾರ 22 ಗ್ರಾಂ, ಎಂದರೆ ನಾಲ್ಕೈದು ಚಹದ ಚಮಚದಷ್ಟು ನೀರು ಆವಿಯಾದರೆ ಸಾಕು. ಹೊರಗಿನ ಶಾಖ ಒಳಕ್ಕೆ ಬರುತ್ತಲೇ ಇರುವುದರಿಂದ ವಾಸ್ತವವಾಗಿ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆನ್ನಿ. ನಮ್ಮ ಬಯಲುಸೀಮೆಯ ಬೇಸಗೆಯ ಗಾಳಿ ಒಣಗಾಳಿಯಾದುದರಿಂದ ಗಡಿಗೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರವಾರದಲ್ಲಿಯೋ ಮಂಗಳೂರಿನಲ್ಲಿಯೋ ಗಾಳಿಯೇ ತೇವದಿಂದ ತುಂಬಿರುವುದರಿಂದ ಅಲ್ಲಿಯ ಗಡಿಗೆಗೆ ಈ ಶಕ್ತಿ ಇಲ್ಲ. ಗಡಿಗೆಯ ನೀರಿನಿಂದ ಶರಬತ್ತು ಮಾಡಿದರೆ ಕರಗುವ ಬರ್ಫ 430 ಗ್ರಾಮಿನಿಂದ 280 ಗ್ರಾಮಿಗೆ ಇಳಿಯುತ್ತದೆ.

ಮಿಕ್ಸಿಯ ವಿಷಯದಲ್ಲಿ ಇನ್ನೊಂದು ಮಾತು. 500 ವಾಟಿನ ಮಿಕ್ಸಿ ಒಂದು ನಿಮಿಷ ತಿರುಗಿದರೆ ಖರ್ಚಾಗುವ ಶಕ್ತಿ 30,000 ಜೌಲ್. ಅದೆಲ್ಲವೂ ಶರಬತ್ತಿಗೆ ಸೇರಿದರೆ 90 ಗ್ರಾಂ ಬರ್ಫ ಕರಗೀತು. ಅಷ್ಟೂ ಸೇರುವುದಿಲ್ಲ, ಮೋಟಾರು ತಾನೇ ಬಿಸಿಯಾಗಿ ಒಂದು ಪಾಲನ್ನು ಹೊರಚೆಲ್ಲುತ್ತದೆ; ಆದರೂ ಹೆಚ್ಚು ಹೊತ್ತು ತಿರುಗಿಸಿದಷ್ಟೂ ನಯವಾಗುವುದೆಂಬ ನಂಬಿಕೆ ತಪ್ಪು. ಬರ್ಫವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ಜಜ್ಜಿ, ಹತ್ತು ಹತ್ತು ಸೆಕೆಂಡಿನಂತೆ ತಿರುಗಿಸುವುದು ಒಳ್ಳೆಯದು.

ಆದರೆ ನನಗೆ ಮೆಚ್ಚುಗೆಯಾದ ವಿಧಾನ ಬೇರೆ; ಅದಕ್ಕೆ ಮಿಕ್ಸಿಯೂ ಬೇಡ, ವಿದ್ಯುತ್ತೂ ಬೇಡ. ಕಲ್ಲುಪ್ಪು ಮತ್ತು ಬರ್ಫ ಸಾಕು. ತೂಕದಲ್ಲಿ ಮೂರು ಪಾಲು ಜಜ್ಜಿದ ಬರ್ಫಕ್ಕೆ ಒಂದು ಪಾಲು ಉಪ್ಪು ಬೆರೆಸಿದರೆ ಮಿಶ್ರಣದ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ; ಅದರ ಕೊನೆಯ ಮಿತಿ ಸೊನ್ನೆಗಿಂತ 21 ಡಿಗ್ರಿ ಕೆಳಗೆ. ಫ್ಯಾರನ್‌ಹೈಟ್ 1724ರಲ್ಲಿ ಪ್ರಕಟಿಸಿದ ತನ್ನ ಮಾಪಕದ ಸೊನ್ನೆಯನ್ನು ಗೊತ್ತುಮಾಡಿದ್ದು ಇಂಥದೇ ಶೈತ್ಯ ಮಿಶ್ರಣದಿಂದ. ಅವನು ಬಳಸಿದ್ದು ಬರ್ಫ, ನೀರು ಮತ್ತು ನವಸಾಗರ.

ಇಲ್ಲಿ ವಿದ್ಯಾರ್ಥಿಗಳು ತಪ್ಪದೆ ಎಡವುತ್ತಾರೆ. “ಉಪ್ಪು ಬರ್ಫವನ್ನು ಕರಗಿಸುತ್ತದೆ. ಕರಗುವುದೆಂದರೆ ಬಿಸಿಯಾಗುವುದು. ಹಾಗಿದ್ದರೆ ತಂಪು ಹೆಚ್ಚುವುದೆಂತು?” ಎಂದು ಒಬ್ಬ ವಿದ್ಯಾರ್ಥಿ ನನ್ನೊಡನೆ ವಾದಿಸಿದ್ದ. ಇನ್ನೊಬ್ಬ, ಉಪ್ಪಿನಲ್ಲಿಯೇ ತಂಪು ಅಡಗಿದೆ ಎಂದ. ಎರಡೂ ಸರಿಯಲ್ಲ. ಬರ್ಫದ ಮೈಯಿಂದ ಅಣುಗಳು ಕಳಚಿ ನೀರಿಗೆ ಹೋಗುತ್ತಲೂ, ನೀರಿನ ಅಣುಗಳು ಬಂದು ಬರ್ಫಕ್ಕೆ ಅಂಟುತ್ತಲೂ ಇರುತ್ತವೆ. ಸೊನ್ನೆ ಡಿಗ್ರಿಯಲ್ಲಿ ಹೋಗುವವುಗಳ ಮತ್ತು ಬರುವವುಗಳ ಸಂಖ್ಯೆ ಸಮ. ನೀರಿನಲ್ಲಿ ಉಪ್ಪು ಕರಗಿದಾಗ ಹೋಗುವವು ಹೋಗುತ್ತಲೇ ಇರುತ್ತವೆ, ಮರಳಿ ಬರುವವು ಮಾತ್ರ ಕಡಿಮೆಯಾಗುತ್ತವೆ. ಆದ್ದರಿಂದ ಬರ್ಫ ಕರಗತೊಡಗುತ್ತದೆ. ಕರಗಲು ಗ್ರಾಮಿಗೆ 80 ಕ್ಯಾಲೊರಿ ಬೇಕೆಂದೆವಲ್ಲ. ಒಲೆಯನ್ನು ಹೊತ್ತಿಸದೆ ಅದು ಎಲ್ಲಿಂದ ಬರಬೇಕು? ಬರ್ಫ, ಉಪ್ಪುನೀರು, ಅದರೊಳಗಿಟ್ಟ ಪಾತ್ರೆ, ಇವುಗಳಿಂದಲೇ ಬರಬೇಕು. ಹೀಗೆ ಎಲ್ಲವೂ ತಣ್ಣಗಾಗುತ್ತವೆ. ಕರಗುವುದೇ ತಂಪಿನ ಮೂಲ.

ಉಪ್ಪಿನ ಬದಲು ಸಕ್ಕರೆ ಹಾಕಬಾರದೆ? ಹಾಕಬಹುದು, ಮನೆ ದಿವಾಳಿಯಾದೀತು. ಉಪ್ಪಿನ ಒಂದು ಮೋಲ್ 58.5 ಗ್ರಾಂ ಮಾತ್ರ. ಅಲ್ಲದೆ ಅದು ನೀರಿನಲ್ಲಿ ಎರಡೆರಡು ಅಯಾನುಗಳಾಗಿ ಒಡೆಯುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಉಪ್ಪಿನ ಪರಿಣಾಮ ಸಕ್ಕರೆಯದರ ಸುಮಾರು ಹನ್ನೆರಡು ಪಟ್ಟು.

ಈಗ ಕೆಲಸಕ್ಕೆ ತೊಡಗಬಹುದು. ಶರಬತ್ತನ್ನು ಬಿಗಿಯಾದ ಮುಚ್ಚಳವುಳ್ಳ ಸ್ಟೀಲಿನ ಡಬ್ಬಿಯಲ್ಲಿ ಮುಕ್ಕಾಲು ಮಾತ್ರ ತುಂಬಬೇಕು. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆಂಬುದನ್ನು ಮರೆಯಬಾರದು. ದೊಡ್ಡ ಪಾತೇಲಿಯ ಹೊರಮೈಗೆ ಗೋಣಿತಟ್ಟನ್ನು ಸುತ್ತಿ, ಒಳಗೆ ಡಬ್ಬಿಯನ್ನಿಟ್ಟು, ಸುತ್ತಲೂ ಬರ್ಫ ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಬೇಕು. ಬರ್ಫ ಎಷ್ಟು ಬೇಕು? 25 ಡಿಗ್ರಿಯ ಶರಬತ್ತನ್ನು ಹೆಪ್ಪುಬಿಂದುವಿಗೆ ಇಳಿಸಲು 23 ಸಾವಿರ ಕ್ಯಾಲೊರಿ, ಅದರ ಅರ್ಧ ನೀರನ್ನು ಹರಳಾಗಿಸಲು 34 ಸಾವಿರ; ಒಟ್ಟು 57 ಸಾವಿರ. ಕಾಗದದ ಮೇಲೆ ಇದಕ್ಕೆ 720 ಗ್ರಾಂ ಬರ್ಫ ಸಾಕು. ಆದರೆ ಪಾತೇಲಿ, ಡಬ್ಬಿ, ಸುತ್ತಲಿನ ಗಾಳಿ ಎಲ್ಲಕ್ಕೂ ತಂಪಿನ ತೆರಿಗೆ ಸಲ್ಲಬೇಕು. ರೋಣದ ಬಿಸಿಲಿನಲ್ಲಿ ಎರಡೂವರೆ ಕಿಲೋಗಿಂತ ಕಡಿಮೆ ಬರ್ಫದಿಂದ ನನಗೆ ಎಂದೂ ಸಾಧ್ಯವಾಗಿಲ್ಲ.

ಮುಂದಿನದು ಕೈಯ ಕೆಲಸ. ಐದೈದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು, ಡಬ್ಬಿಯ ಒಳಗೋಡೆಗೆ ಅಂಟಿದ ಹರಳನ್ನು ಮರದ ಹುಟ್ಟಿನಿಂದ ಕೆರೆದು ನಡುವಿಗೆ ತಂದು ಕದಡಬೇಕು. ಸುಮ್ಮನೆ ಬಿಟ್ಟರೆ ಮೊದಲು ಹುಟ್ಟಿದ ಕೆಲವೇ ಹರಳುಗಳು ಸೂಜಿಗಳಂತೆ ಉದ್ದುದ್ದ ಬೆಳೆದು ನಾಲಗೆಗೆ ಒರಟಾಗುತ್ತವೆ. ಕದಡಿದಾಗ ಅವು ಮುರಿಯುತ್ತವೆ, ಒಂದೊಂದು ಚೂರೂ ಹೊಸ ಹರಳಿನ ಬೀಜವಾಗುತ್ತದೆ. ಅಷ್ಟೇ ನೀರು ಅಸಂಖ್ಯ ಸಣ್ಣ ಹರಳುಗಳಿಗೆ ಹಂಚಿಹೋಗುತ್ತದೆ. ನಮ್ಮ ಮನೆಯಲ್ಲಿ ಅಕ್ಕ ಹುಟ್ಟನ್ನು ಬಿಟ್ಟು ಮಜ್ಜಿಗೆಯ ಕಡಗೋಲನ್ನೇ ತಂದಳು. ಅದು ನನ್ನ ಹುಟ್ಟಿಗಿಂತ ಚೆನ್ನಾಗಿ ಕೆಲಸ ಮಾಡಿತೆಂದು ಒಪ್ಪಿಕೊಳ್ಳಲೇಬೇಕು. ಅಮೆರಿಕದಲ್ಲಿ ನ್ಯಾನ್ಸಿ ಜಾನ್‌ಸನ್ ಎಂಬಾಕೆ 1843ರಲ್ಲಿ ಹಕ್ಕುಪತ್ರ ಪಡೆದ ಕೈತಿರುಗಣೆಯ ಐಸ್‌ಕ್ರೀಮ್ ಯಂತ್ರದ ತತ್ತ್ವವೂ ಇದೇ: ಹೊರಗೆ ಉಪ್ಪು-ಬರ್ಫ, ಒಳಗೆ ತಿರುಗುವ ಹುಟ್ಟು.

ಸಕ್ಕರೆಯಂತೆ ಮದ್ಯಸಾರವೂ ಹೆಪ್ಪುಬಿಂದುವನ್ನು ಇಳಿಸುತ್ತದೆ. ಅಪ್ಪಟ ಮದ್ಯಸಾರ ಸೊನ್ನೆಗಿಂತ 114 ಡಿಗ್ರಿ ಕೆಳಗಿಳಿದ ಹೊರತು ಹೆಪ್ಪುಗಟ್ಟದು. ಅಮೆರಿಕದ ಡಲ್ಲಾಸ್ ನಗರದ ಮರಿಯಾನೊ ಮಾರ್ಟಿನೆಜ್ ಎಂಬ ಉಪಾಹಾರಗೃಹದ ಒಡೆಯನು ಲಿಂಬೆರಸ ಬೆರೆತ ಮಾರ್ಗರೀಟಾ ಎಂಬ ಮದ್ಯಪಾನೀಯವನ್ನು ಬರ್ಫದೊಡನೆ ಮಿಕ್ಸಿಯಲ್ಲಿ ಅರೆಯಿಸುತ್ತಿದ್ದಾಗ ಒಂದು ಬಟ್ಟಲಿನಂತೆ ಇನ್ನೊಂದು ಬರುತ್ತಿರಲಿಲ್ಲ. 1971ರಲ್ಲಿ ಅವನು ಮೆದು ಐಸ್‌ಕ್ರೀಮಿನ ಯಂತ್ರವೊಂದನ್ನು ಮಾರ್ಪಡಿಸಿ, ಸಕ್ಕರೆ, ನೀರು, ಮದ್ಯ ಇವುಗಳ ಪ್ರಮಾಣವನ್ನು ಹೊಂದಿಸಿ ತೊಂದರೆಯನ್ನು ನಿವಾರಿಸಿದನು. ಆ ಯಂತ್ರ ಈಗ ಅಲ್ಲಿಯ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಪಾನೀಯ ನಮಗೆ ಬೇಡ. ಆದರೆ ಅವನು ಬಿಡಿಸಿದ ಸಮಸ್ಯೆ ನಮ್ಮ ಡಬ್ಬಿಯೊಳಗಿನ ಸಮಸ್ಯೆಯೇ.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಂದುವರಿಯಲಾರೆ. ಉಪ್ಪು-ಬರ್ಫದ ಮಿಶ್ರಣಕ್ಕೆ ಬರಿಗೈ ಹಾಕಬಾರದು. ಯಾರು ಹೆಚ್ಚು ಹೊತ್ತು ತಡೆಯುವರೆಂದು ಹುಡುಗರು ಅಂಗೈಯಲ್ಲಿ ಉಪ್ಪು ಬರ್ಫ ಹಿಡಿದು ಪಂಥ ಕಟ್ಟುವುದುಂಟು. ಕೆಲವೇ ನಿಮಿಷಗಳಲ್ಲಿ ಚರ್ಮದೊಳಗಿನ ನೀರೇ ಹೆಪ್ಪುಗಟ್ಟಿ ಬೆಂಕಿಯಿಂದಾದಂಥದೇ ಬೊಕ್ಕೆ ಏಳುತ್ತದೆ. ಮರಗಟ್ಟಿದ ಚರ್ಮಕ್ಕೆ ನೋವೂ ತಿಳಿಯುವುದಿಲ್ಲವಾದ್ದರಿಂದ ಅಪಾಯ ಇಮ್ಮಡಿ. ಎರಡನೆಯದು ಬರ್ಫದ ಶುದ್ಧಿ. ಹರಳು ಕಲ್ಮಷವನ್ನು ಹೊರತಳ್ಳುತ್ತದೆಂದು ಮೇಲೆ ಹೇಳಿದೆನೆಂದು ಗಡ್ಡೆಯ ಬರ್ಫವನ್ನು ನಂಬಿಬಿಡಬಾರದು. ತಳ್ಳಲ್ಪಟ್ಟ ಕಲ್ಮಷ ಗಡ್ಡೆಯ ನಡುವಿನಲ್ಲೇ ಉಳಿದಿರುತ್ತದೆ, ಮತ್ತು ಅನೇಕ ರೋಗಾಣುಗಳು ಹೆಪ್ಪುಗಟ್ಟಿದರೂ ಸಾಯುವುದಿಲ್ಲ. ಸಾಮಾನು ಕೆಡದಂತೆ ಇಡಲು ಮಾಡಿದ ಬರ್ಫ ಮಿಕ್ಸಿಗೆ ಸಲ್ಲದು. ಉಪ್ಪಿನ ವಿಧಾನದಲ್ಲಾದರೋ ಬರ್ಫ ಡಬ್ಬಿಯ ಹೊರಗೇ ಉಳಿಯುತ್ತದೆ. ಸ್ಟೀಲಿನ ಗೋಡೆಯನ್ನು ದಾಟುವುದು ಶಾಖವೊಂದೇ. ಒಳಗಿನ ಶರಬತ್ತಿಗೆ ಮಾತ್ರ ಕಾಯಿಸಿ ಆರಿಸಿದ ನೀರನ್ನು ಬಳಸಿದರೆ ಸಾಕು. ಬೇಸಗೆಯ ವಾಂತಿಭೇದಿಯನ್ನು ಕಂಡವರಿಗೆ ಇದು ಸಣ್ಣ ಲಾಭವಲ್ಲ.

ಸೋರುವ ಮುಚ್ಚಳದ ವಿಷಯದಲ್ಲಿ ನಾನು ಒಮ್ಮೆ ಅಸಡ್ಡೆ ಮಾಡಿದ್ದೆ. ಬರ್ಫ ಕರಗಿದಂತೆ ಉಪ್ಪುನೀರಿನ ಮಟ್ಟ ಏರಿ, ಡಬ್ಬಿಯ ಕಂಠವನ್ನು ಮುಟ್ಟಿ, ಸದ್ದಿಲ್ಲದೆ ಒಳಗಿಳಿದಿತ್ತು. ನೋಡಲು ಮಲ್ಲಿಗೆಯ ರಾಶಿಯಂತಿದ್ದ ಶರಬತ್ತನ್ನು ಬಂದ ಬೀಗರ ಮುಂದಿಟ್ಟೆ. ಅವರು ಸಂಭಾವಿತರು, ಒಂದು ಚಮಚ ನುಂಗಿ ಸುಮ್ಮನಾದರು. ಅಂದಿನಿಂದ ಪಾತೇಲಿಯ ನೀರು ಡಬ್ಬಿಯ ಮುಕ್ಕಾಲು ಎತ್ತರವನ್ನು ಮೀರದಂತೆ ಲೋಟದಿಂದ ತೋಡಿ ತೆಗೆಯುತ್ತೇನೆ.

ಮುಕ್ಕಾಲು ಗಂಟೆಯ ಹೊತ್ತಿಗೆ ಕಡಗೋಲು ಭಾರವಾಗುತ್ತದೆ. ಎತ್ತಿದರೆ ಶರಬತ್ತು ಸುರಿಯದೆ ಮುದ್ದೆಯಾಗಿ ಜಾರುತ್ತದೆ. ಆಗಲೇ ಬಟ್ಟಲಿಗೆ ಹಾಕಿ ತಿನ್ನಬೇಕು. ಇಟ್ಟಷ್ಟೂ ಸಣ್ಣ ಹರಳುಗಳು ಕರಗಿ ದೊಡ್ಡವುಗಳಿಗೆ ಸೇರಿಕೊಳ್ಳುತ್ತವೆ, ನುಣುಪು ಕೆಡುತ್ತದೆ. ಪಾತೇಲಿಯಲ್ಲುಳಿದ ಉಪ್ಪುನೀರನ್ನು ಗಿಡದ ಬುಡಕ್ಕೂ ಹಿತ್ತಲಿಗೂ ಚೆಲ್ಲಬೇಡಿ. ನಮ್ಮ ಎರೆನೆಲದಲ್ಲಿ ಸವಳು ಈಗಾಗಲೇ ಸಾಕಷ್ಟಿದೆ. ಅಗಲವಾದ ಪರಾತದಲ್ಲಿ ಹಾಕಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ನೀರು ಆರಿ ಉಪ್ಪು ಮರಳಿ ದೊರೆಯುತ್ತದೆ. ಅಡಿಗೆಗೆ ಅಲ್ಲದಿದ್ದರೂ ಮುಂದಿನ ಸಲದ ಬರ್ಫಕ್ಕೆ ಅದೇ ಆಗುತ್ತದೆ.