ಹಳೆಯ ದೋಣಿ ಕಲಿಸಿದ ಬಂಡವಾಳ ವೆಚ್ಚ

ಕಳೆದ ಕಿರುಪರೀಕ್ಷೆಯಲ್ಲಿ ನಾನು ಎರಡು ಅಂಕ ಕಳೆದುಕೊಂಡೆ. ಪ್ರಶ್ನೆ ಸುಲಭದ್ದೇ ಆಗಿತ್ತು. ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡು, ಬಳಸುವ ಮೊದಲು ಅದರ ರಿಪೇರಿಗೆ ಮಾಡಿದ ಖರ್ಚನ್ನು ಯಾವ ಖಾತೆಗೆ ಹಾಕಬೇಕು? ‘ರಿಪೇರಿ’ ಎಂಬ ಪದ ಕಂಡ ಕೂಡಲೇ ನಾನು ಲಾಭ-ನಷ್ಟ ಖಾತೆ ಎಂದು ಬರೆದುಬಿಟ್ಟೆ. ಸರಿಯಾದ ಉತ್ತರ ಯಂತ್ರದ ಖಾತೆ. ಸರ್ ವಿವರಿಸಿದಾಗ ತಲೆಯಾಡಿಸಿದೆ. ಆದರೆ ಅದು ನಿಜವಾಗಿ ಅರ್ಥವಾದದ್ದು ಒಂದು ಹಾಯಿದೋಣಿಯ ಬಗ್ಗೆ ಓದಿದ ಮೇಲೆ.

ಆ ದೋಣಿಯ ಹೆಸರು ‘ಬಯಾನಾತ್’. ಹೆಸರು ಹೇಳಿದಾಗ ನಮ್ಮ ಅಬ್ಬಾ ನಕ್ಕರು. ಉರ್ದುವಿನಲ್ಲಿ ಬಯಾನಾತ್ ಎಂದರೆ ಹೇಳಿಕೆಗಳು, ರಾಜಕಾರಣಿಗಳು ದಿನವೂ ಕೊಡುವಂಥವು. ಅರಬ್ಬಿಯಲ್ಲಿ ಅದೇ ಪದಕ್ಕೆ ದತ್ತಾಂಶ ಎಂಬ ಅರ್ಥವಿದೆ.

ಎರಡು ಯಾನಗಳು

ಭಾರತೀಯ ನೌಕಾಪಡೆಯ ಅಧಿಕಾರಿಯಾಗಿದ್ದ ಅಭಿಲಾಷ್ ಟೋಮಿ 2018ರಲ್ಲಿ ‘ಗೋಲ್ಡನ್ ಗ್ಲೋಬ್ ರೇಸ್’ನಲ್ಲಿ ಭಾಗವಹಿಸಿದರು. ಒಬ್ಬರೇ, ಎಲ್ಲಿಯೂ ನಿಲ್ಲದೆ, ಜಿಪಿಎಸ್ ನೆರವಿಲ್ಲದೆ ಭೂಮಿಯನ್ನು ಸುತ್ತುವ ಸ್ಪರ್ಧೆ ಅದು. ಆಗ ಅವರ ದೋಣಿ ಗೋವಾದಲ್ಲಿ ಹೊಸದಾಗಿ ಕಟ್ಟಿದ ‘ತುರಿಯ’. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ದೋಣಿ ಮಗುಚಿತು, ಹಾಯಿಯ ಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಕೆಲವು ದಿನಗಳ ನಂತರ ಫ್ರಾನ್ಸಿನ ಹಡಗೊಂದು ಅವರನ್ನು ರಕ್ಷಿಸಿತು.

2022ರ ಸೆಪ್ಟೆಂಬರ್ 4ರಂದು ಅವರು ಅದೇ ಸ್ಪರ್ಧೆಗೆ ಮತ್ತೆ ಹೊರಟರು. ಈ ಬಾರಿಯ ದೋಣಿ ಸೆಕೆಂಡ್ ಹ್ಯಾಂಡ್: 36 ಅಡಿಯ ‘ರಸ್ಲರ್ 36’, ಅದೇ ಬಯಾನಾತ್. 1988ಕ್ಕಿಂತ ಮೊದಲಿನ ವಿನ್ಯಾಸದ ದೋಣಿಯೇ ಬೇಕು ಎಂಬುದು ಸ್ಪರ್ಧೆಯ ನಿಯಮ. ಹೊರಟವರು 16 ಮಂದಿ. ಎಲ್ಲಿಯೂ ನಿಲ್ಲದೆ ಮುಗಿಸಿದವರು ಮೂವರೇ. ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಮೊದಲಿಗರಾದರು. ಅಭಿಲಾಷ್ 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು.

ಹೊಸದು ಮುರಿಯಿತು, ಹಳೆಯದು ತಲುಪಿತು, ಆದ್ದರಿಂದ ಹಳೆಯದೇ ಒಳ್ಳೆಯದು ಎಂದು ಹೇಳುವಂತಿಲ್ಲ. ಅಂಥ ಬಿರುಗಾಳಿಗೆ ಯಾವ ದೋಣಿಯೂ ಸಿಕ್ಕಬಹುದು. ಇಷ್ಟು ಮಾತ್ರ ಹೇಳಬಹುದು: ಸರಿಯಾಗಿ ಸಿದ್ಧಪಡಿಸಿದರೆ ಹಳೆಯ ದೋಣಿಯೂ ಭೂಮಿ ಸುತ್ತಬಲ್ಲದು.

ಸಿದ್ಧಪಡಿಸುವುದು ಎಂದರೆ ಏನು?

ಬಣ್ಣ ಬಳಿಯುವುದು ಕೊನೆಯ ಕೆಲಸ. ಮೊದಲು ದೋಣಿಯನ್ನು ನೀರಿನಿಂದ ಎತ್ತಿ ಕೆಳಭಾಗ ನೋಡುತ್ತಾರೆ. ಫೈಬರ್‌ಗ್ಲಾಸ್ ದೋಣಿಗಳು ವರ್ಷಗಟ್ಟಲೆ ನೀರಿನಲ್ಲಿದ್ದರೆ ತೇವ ಒಳಗಿಳಿದು ಗುಳ್ಳೆ ಏಳಬಹುದು. ನೀರಿನ ಮಟ್ಟದ ಕೆಳಗೆ ಪೈಪುಗಳಿಗೆಂದು ತೂತುಗಳಿರುತ್ತವೆ. ಅವುಗಳ ವಾಲ್ವ್ ಒಂದು ಕೈಕೊಟ್ಟರೂ ದೋಣಿ ಮುಳುಗಬಹುದು. ಕಂಬವನ್ನು ಎಳೆದು ಹಿಡಿಯುವ ಸ್ಟೀಲ್ ತಂತಿಗಳನ್ನು ಬದಲಿಸುತ್ತಾರೆ. ಆ ತಂತಿಗಳನ್ನು ದೋಣಿಗೆ ಬಿಗಿಯುವ ಸ್ಟೀಲ್ ಪಟ್ಟಿಗಳನ್ನು ಬಿಚ್ಚಿಯೇ ನೋಡಬೇಕು. ಹೊರಗೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್, ಗಾಳಿಯಾಡದ ತೇವದ ಸಂದಿನಲ್ಲಿ ಒಳಗೊಳಗೇ ಸವೆಯುತ್ತದೆ. ಆಮೇಲೆ ಬಿರುಗಾಳಿಗೆ ಬೇಕಾದ ಚಿಕ್ಕ ಗಟ್ಟಿ ಹಾಯಿಗಳು, ನೀರಿನ ಟ್ಯಾಂಕು, ಗಾಳಿಯ ಬಲದಿಂದಲೇ ದೋಣಿಯ ದಿಕ್ಕನ್ನು ಕಾಯುವ ವಿಂಡ್‌ವೇನ್.

ಲೆಕ್ಕ ಹೀಗೆ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ದೋಣಿಯ ಬೆಲೆ 20,00,000 ರೂ., ಹೊರಡುವ ಮೊದಲಿನ ಸಿದ್ಧತೆಗೆ 12,00,000 ರೂ., ಬಾಳಿಕೆ 10 ವರ್ಷ, ಗುಜರಿ ಮೌಲ್ಯ 2,00,000 ರೂ.

ದೋಣಿಯ ಒಟ್ಟು ವೆಚ್ಚ 32,00,000 ರೂ. ಗುಜರಿ ಮೌಲ್ಯ ಕಳೆದರೆ 30,00,000. ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷದ ಸವಕಳಿ 3,00,000 ರೂ.

ನಾನು ಪರೀಕ್ಷೆಯಲ್ಲಿ ಬರೆದಂತೆ ಮಾಡಿದರೆ? ಸವಕಳಿ 1,80,000, ಅದರ ಜೊತೆಗೆ ರಿಪೇರಿಯ 12,00,000. ಮೊದಲ ವರ್ಷವೇ ಲಾಭ-ನಷ್ಟ ಖಾತೆಯ ಮೇಲೆ 13,80,000 ರೂ. ಹೊರೆ! ಹತ್ತು ವರ್ಷ ಉಪಯೋಗಕ್ಕೆ ಬರುವ ಕೆಲಸದ ಖರ್ಚನ್ನು ಒಂದೇ ವರ್ಷದ ತಲೆಗೆ ಕಟ್ಟಿದಂತಾಯಿತು. ಅಢಾವೆ ಪತ್ರಿಕೆಯಲ್ಲಿ ದೋಣಿಯ ಮೌಲ್ಯವೂ ತಪ್ಪಾಗುತ್ತದೆ.

ಹಾಗಾದರೆ ಹೊರಟ ಮೇಲಿನ ರಿಪೇರಿ? ಯಾನದ ನಡುವೆ ವಿಂಡ್‌ವೇನ್‌ನ ಭಾಗಗಳು ಮುರಿದಾಗ ಅಭಿಲಾಷ್ ದೋಣಿಯ ಶೌಚಾಲಯದ ಬಾಗಿಲನ್ನೇ ಕತ್ತರಿಸಿ ಬಳಸಿಕೊಂಡರು. ಹರಿದ ಹಾಯಿ ಹೊಲಿಯುವುದು, ಸವೆದ ಹಗ್ಗ ಬದಲಿಸುವುದು ಕೂಡ ಇಂಥವೇ. ಇವು ದೋಣಿಯನ್ನು ಇದ್ದ ಸ್ಥಿತಿಯಲ್ಲಿ ಉಳಿಸುತ್ತವೆ, ಹೊಸ ಶಕ್ತಿ ಕೊಡುವುದಿಲ್ಲ. ಆದ್ದರಿಂದ ಇವು ರಾಜಸ್ವ ವೆಚ್ಚ. ‘ರಿಪೇರಿ’ ಎಂಬ ಹೆಸರು ನೋಡಿ ಉತ್ತರ ಬರೆಯಬಾರದು. ಖರ್ಚು ಯಾವಾಗ ಆಯಿತು, ಯಾತಕ್ಕಾಗಿ ಆಯಿತು ಎಂದು ಕೇಳಬೇಕು.

ನಮ್ಮ ಮನೆಯ ದೋಣಿ

ಅಬ್ಬಾ ಈಗ ಹಳೆಯ ಗೂಡ್ಸ್ ಆಟೋ ಕೊಳ್ಳಲು ಓಡಾಡುತ್ತಿದ್ದಾರೆ. ಅಮ್ಮಿಯ ಚೀಟಿ ಹಣ ಸೇರಿ ಕೈಯಲ್ಲಿರುವುದು 1,50,000 ರೂ. ಮಾತ್ರ. ದಲ್ಲಾಳಿ ತೋರಿಸಿದ ಗಾಡಿಗೆ 1,45,000 ಹೇಳಿದ್ದಾರೆ. “ಹೊಸ ಬಣ್ಣ, ನೋಡಲು ಚೆನ್ನಾಗಿದೆ” ಎಂದರು ಅಬ್ಬಾ. ನಾನು ನೋಟ್‌ಬುಕ್ಕಿನಲ್ಲಿ ಬ್ರೇಕು, ಟೈರು, ಚಾಸಿಯ ತುಕ್ಕು, ಇನ್ಶೂರೆನ್ಸ್ ಎಂದು ಪಟ್ಟಿ ಬರೆದು ತೋರಿಸಿದೆ. “ಅಬ್ಬಾ, ಗಾಡಿಯ ನಿಜವಾದ ಬೆಲೆ ದಲ್ಲಾಳಿ ಹೇಳಿದ್ದಲ್ಲ. ರಸ್ತೆಗೆ ಇಳಿಯುವ ಹೊತ್ತಿಗೆ ಎಷ್ಟಾಗುತ್ತದೋ ಅದು” ಎಂದೆ.

ಅವರು ಸ್ವಲ್ಪ ಹೊತ್ತು ಪಟ್ಟಿ ನೋಡಿದರು. “ಪರೀಕ್ಷೆಯಲ್ಲಿ ಇದನ್ನೇ ತಪ್ಪು ಬರೆದೆಯಾ?” ಎಂದು ಕೇಳಿದರು. ಭಾನುವಾರ ಮೆಕ್ಯಾನಿಕ್‌ನನ್ನು ಕರೆದುಕೊಂಡು ಬೇರೆ ಗಾಡಿ ನೋಡಲು ಹೋಗುತ್ತಿದ್ದೇವೆ. ಪಟ್ಟಿ ಅಬ್ಬಾ ಅವರ ಜೇಬಿನಲ್ಲಿದೆ.