ಭಾನುವಾರದ ಪಂದ್ಯ ಬಂದಾಗ

ಮಗಳ ಪಂದ್ಯ ಭಾನುವಾರ ಬೆಳಿಗ್ಗೆಯೇ ಬಿದ್ದರೆ ಚರ್ಚಿಗೆ ಹೋಗುವ ಮನೆಗಳಲ್ಲಿ ಹಿಂದಿನ ರಾತ್ರಿಯೇ ಚರ್ಚೆ ಶುರುವಾಗುತ್ತದೆ. ಅಂಥ ಅಪ್ಪ ಅಮ್ಮಂದಿರು ಎರಿಕ್ ಲಿಡೆಲ್ ಕಥೆಯನ್ನು ಪೂರ್ತಿ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲರ್ಧ ಹಲವರಿಗೆ ಗೊತ್ತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರವಿದ್ದುದರಿಂದ ಈ ಸ್ಕಾಟಿಷ್ ಓಟಗಾರ ಓಡಲಿಲ್ಲ; 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. ಅವರ ಕಥೆ ಹೇಳುವ ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದಲ್ಲಿ, ಹೀಟ್ಸ್ ಭಾನುವಾರ ಎಂಬ ವಿಷಯ ಅವರಿಗೆ ತಿಳಿಯುವುದು ಹಡಗು ಹತ್ತುವ ಹೊತ್ತಿಗೆ. ಅದು ಸಿನಿಮಾದವರ ಕೈಚಳಕ. ನಿಜದಲ್ಲಿ ಲಿಡೆಲ್‌ಗೆ ವೇಳಾಪಟ್ಟಿ ತಿಂಗಳುಗಳ ಮುಂಚೆಯೇ ಗೊತ್ತಿತ್ತು, ಆ ಸಮಯವನ್ನು ಅವರು 400 ಮೀಟರ್ ತಾಲೀಮಿಗೆ ಬಳಸಿಕೊಂಡರು. ನೀವೂ ಅಷ್ಟೆ, ಕೋಚ್‌ಗೆ ಕೊನೆ ಗಳಿಗೆಯಲ್ಲಿ ಕೈಕೊಡಬೇಡಿ. ಸೀಸನ್ ಆರಂಭದಲ್ಲೇ ಹೇಳಿಬಿಡಿ.

ಇನ್ನರ್ಧ ನಡೆದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಚೀನಾದ ವೇಹ್ಸಿಯೆನ್‌ನಲ್ಲಿ ಜಪಾನೀಯರು ನಡೆಸುತ್ತಿದ್ದ ಬಂಧನ ಶಿಬಿರದಲ್ಲಿ. ಹೆತ್ತವರಿಂದ ದೂರವಾದ ಮಕ್ಕಳಿಗೆ, ಅಲ್ಲೇ ಬಂಧಿಯಾಗಿದ್ದ ಲಿಡೆಲ್ ಆಟ ಆಡಿಸುತ್ತಿದ್ದರು, ಭಾನುವಾರ ಮಾತ್ರ ಬಿಟ್ಟು. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಹೋಗಿ ಹೊಡೆದಾಡಿಕೊಂಡರು. ಆಮೇಲೆ ಭಾನುವಾರವೂ ರೆಫರಿಯಾಗಿ ಮೈದಾನಕ್ಕಿಳಿದವರು ಲಿಡೆಲ್ ಅವರೇ!

ಒಲಿಂಪಿಕ್ ಪದಕಕ್ಕೂ ಸಡಿಲಿಸದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದರು. ಗೆಲುವಿಗಾಗಿ ಪ್ರಾರ್ಥಿಸಿ, ಬೌಂಡರಿಯಾಚೆ ನಿಂತು ಅಂಪೈರನ್ನು ಬೈಯುವ ಅಪ್ಪಂದಿರ ಭಕ್ತಿಗಿಂತ ಇದು ಎಷ್ಟೋ ಮೇಲು.

ಅಂದಹಾಗೆ, ಕ್ಯಾಥೊಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ. ನಿಮ್ಮ ಚರ್ಚಿನಲ್ಲಿ ಅದು ಎಷ್ಟು ಹೊತ್ತಿಗೆ ಎಂದು ಈಗಲೇ ಕೇಳಿಟ್ಟುಕೊಳ್ಳಿ.