ನಾಣ್ಯದಲ್ಲಿ ಉಳಿದ ಗುಡಿ

ಗುರುಪುರದ ಅಂಗಡಿಗಳಲ್ಲಿ ಕೈಯಿಂದ ಕೈಗೆ ಸಾಗುವ 50 ರೂಪಾಯಿಯ ನೋಟನ್ನು ತಿರುಗಿಸಿದರೆ ಹಂಪೆಯ ಕಲ್ಲಿನ ರಥ ಕಾಣುತ್ತದೆ. ಈ ಚಿತ್ರವುಳ್ಳ ನೋಟು ಚಲಾವಣೆಗೆ ಬಂದುದು 2017ರಲ್ಲಿ. ಆದರೆ ಹಣದ ಮೇಲೆ ಕಟ್ಟಡಗಳನ್ನು ಚಿತ್ರಿಸುವ ಪದ್ಧತಿ ಬಹು ಪ್ರಾಚೀನವಾದುದು.

ರೋಮಿನ ಚಕ್ರವರ್ತಿ ಟೈಟಸ್ ಕ್ರಿ.ಶ. 80ರ ಸುಮಾರಿಗೆ ಹೊರಡಿಸಿದ ನಾಣ್ಯವೊಂದರಲ್ಲಿ ಕೊಲೋಸಿಯಂ ಎಂಬ ಮಹಾಕ್ರೀಡಾಂಗಣವೂ ಅದರೊಳಗೆ ಕಿಕ್ಕಿರಿದ ಜನರೂ ಕಾಣುತ್ತಾರೆ. ಅವನಿಗಿಂತ ಮೊದಲು ಆಳಿದ ನೀರೋ, ಜೇನಸ್ ದೇವತೆಯ ಗುಡಿಯನ್ನು ನಾಣ್ಯದಲ್ಲಿ ಮೂಡಿಸಿದನು. ಯುದ್ಧಕಾಲದಲ್ಲಿ ಆ ಗುಡಿಯ ಬಾಗಿಲು ತೆರೆದಿರುತ್ತಿತ್ತು. ಎಲ್ಲೆಡೆ ಶಾಂತಿ ನೆಲೆಸಿದಾಗ ಅದನ್ನು ಮುಚ್ಚುತ್ತಿದ್ದರು. ನೀರೋನ ನಾಣ್ಯದಲ್ಲಿ ಬಾಗಿಲು ಮುಚ್ಚಿದೆ. ಶಾಂತಿಯನ್ನು ಸಾರಲು ಅರಸನಿಗೆ ಆ ಪುಟ್ಟ ಚಿತ್ರವೇ ಸಾಕಾಯಿತು.

ಕೊಲೋಸಿಯಂ ಶಿಥಿಲವಾಗಿದ್ದರೂ ಇಂದಿಗೂ ನಿಂತಿದೆ. ಜೇನಸ್‌ನ ಗುಡಿಯಾದರೋ ಕಣ್ಮರೆಯಾಗಿದೆ. ಅದು ಹೇಗಿತ್ತೆಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಆ ನಾಣ್ಯಗಳಿಂದಲೇ ಅರಿತಿದ್ದಾರೆ.

ಹಂಪೆಯ ರಥದ ವಿಷಯದಲ್ಲಿಯೂ ಹೀಗೆಯೇ ಆಗಿದೆ. 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದಿನ ನೋಟಿನ ಚಿತ್ರದಲ್ಲಿ ಅದಿಲ್ಲ. ಕಟ್ಟಡದ ನೆನಪನ್ನು ಚಿತ್ರವು ಕಾಯಬಲ್ಲುದು; ಕಟ್ಟಡವನ್ನೇ ಕಾಯುವ ಹೊಣೆ ಜನರದು.